ಸೊನ್ನೆಗೆ ಮುಟ್ಟದ ಗೆರೆ

ಸುಣ್ಣದಗೂಡು ಸ್ಟಾಪಿನಲ್ಲಿ ಬಸ್ಸು ಪೂರ್ತಿ ನಿಲ್ಲುತ್ತಿರಲಿಲ್ಲ. ಮಾರ್ಚ್ ಹನ್ನೊಂದರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಹುಲಿಗೆಮ್ಮ ಎಂಬ ಪೌರಕಾರ್ಮಿಕ ಹೆಂಗಸು ಹದಿನಾಲ್ಕನೇ ನಂಬರಿನ ಬಸ್ಸಿನ ಜೊತೆ ಓಡಿ, ನಡುಬಾಗಿಲಿನ ಕಂಬಿ ಹಿಡಿದು, ಮೆಟ್ಟಿಲು ತಪ್ಪಿ ಬಿದ್ದಳು. ಹಿಂದಿನ ಗಾಲಿ ಅವಳ ಎಡಗಾಲಿನ ಮೇಲೆ ಹಾದುಹೋಯಿತು. ಜಿಲ್ಲಾಸ್ಪತ್ರೆಯಲ್ಲಿ ಪಾದ ತೆಗೆದರು. ಕಂಟ್ರೋಲ್ ರೂಮಿನ ದಾಖಲೆಯ ಪ್ರಕಾರ ಆ ಹೊತ್ತಿನಲ್ಲಿ ಬಸ್ಸು ಸ್ಟಾಪಿನಲ್ಲಿ ನಿಂತಿತ್ತು.

ಬಯಲುಸೀಮೆಯ ಆ ನಗರದ ಇನ್ನೂರ ನಲವತ್ತು ಬಸ್ಸುಗಳು ಆಗ ಒಂದೇ ಕಾಲಿನಿಂದ ಓಡುತ್ತಿದ್ದವು. ಆ ಕಾಲು ಡ್ರೈವರ್ ಗುರುಶಾಂತಪ್ಪನದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸ್ಸುಗಳೆಲ್ಲ ಕರೆಂಟಿನವಾಗಿ ಆಗಲೇ ಹತ್ತು ವರ್ಷ ಕಳೆದಿತ್ತು. ಕಾಲೆತ್ತಿದರೆ ಸಾಕು, ಮೋಟಾರು ತಾನೇ ಬಿಗಿಹಿಡಿದು ವೇಗ ಇಳಿಸುತ್ತದೆ, ಇಳಿಸುವಾಗ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ವಾಪಸು ಕಳಿಸುತ್ತದೆ. ಕೊನೆಯ ಹತ್ತಡಿಗೆ ಮಾತ್ರ ಗಾಳಿ ಬ್ರೇಕು. ಆ ಹತ್ತಡಿಯಲ್ಲೇ ಡ್ರೈವರನ ಕಸುಬು ಗೊತ್ತಾಗುವುದು. ಕಸುಬು ಬಾರದವನು ಬ್ರೇಕನ್ನು ಕೊನೆಯತನಕ ಅದುಮಿ ಹಿಡಿಯುತ್ತಾನೆ. ಬಸ್ಸು ಮುಗ್ಗರಿಸಿ ನಿಲ್ಲುತ್ತದೆ, ನಿಂತವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಗುರುಶಾಂತಪ್ಪ ಬಸ್ಸು ಇನ್ನೇನು ನಿಂತಿತು ಅನ್ನುವಾಗ ಪೆಡಲನ್ನು ಕೂದಲೆಳೆಯಷ್ಟು ಸಡಿಲ ಬಿಡುತ್ತಿದ್ದ. ಬಸ್ಸು ನಿಂತಿದ್ದು ಜನಕ್ಕೆ ಗೊತ್ತಾಗುತ್ತಿದ್ದುದು ಬಾಗಿಲು ತೆರೆದಾಗ. ಅವನು ಮುಂದಿನ ಗಾಜಿನ ಬಳಿ ಸ್ಟೀಲ್ ಲೋಟದ ತುಂಬ ನೀರಿಟ್ಟುಕೊಂಡು ಟ್ರಿಪ್ಪು ಮುಗಿಸುತ್ತಿದ್ದ, ತೊಟ್ಟು ಚೆಲ್ಲುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಅಪಘಾತ ಇಲ್ಲ, ಒಂದು ದೂರು ಇಲ್ಲ.

ಹಾಗಾಗಿ ಸಾರಿಗೆಯವರು ಅವನ ಕಾಲನ್ನೇ ಆರಿಸಿಕೊಂಡರು. ಅವನ ಬಸ್ಸಿನ ಎರಡೂ ಪೆಡಲಿನ ಕೆಳಗೆ ನಾಣ್ಯದಷ್ಟು ದಪ್ಪದ ತಗಡು ಕೂರಿಸಿದರು. ಅವನು ಎಲ್ಲಿ ಎಷ್ಟು ಒತ್ತಿದ, ಎಷ್ಟು ಹೊತ್ತು ಹಿಡಿದ, ಯಾವಾಗ ಬಿಟ್ಟ ಎನ್ನುವುದನ್ನೆಲ್ಲ ಆ ತಗಡುಗಳು ಎರಡು ವರ್ಷ ಬರೆದುಕೊಂಡವು. ಅದನ್ನು ಕಲಿತ ಯಂತ್ರಕ್ಕೆ ‘ಹೆಜ್ಜೆ’ ಎಂದು ಹೆಸರಿಟ್ಟರು. ಹೆಜ್ಜೆ ಎಲ್ಲ ಬಸ್ಸುಗಳಿಗೂ ಬಂತು. ಸ್ಟೀರಿಂಗ್ ತಿರುಗಿಸಲು ಡ್ರೈವರುಗಳು ಸೀಟಿನಲ್ಲೇ ಉಳಿದರು, ಆದರೆ ಅವರ ಬಲಗಾಲಿಗೆ ಪಕ್ಕದಲ್ಲೊಂದು ಕಾಲುಮಣೆ ಬಂತು. ಪಾದ ಅದರ ಮೇಲಿರಬೇಕು. ಪೆಡಲು ಮುಟ್ಟಿದರೆ ‘ಹಸ್ತಕ್ಷೇಪ’ ಎಂದು ದಾಖಲಾಗುತ್ತದೆ. ತಿಂಗಳಿಗೆ ಮೂರಾದರೆ ಅಮಾನತು. ಪೆಡಲಿನ ವಿಷಯದಲ್ಲಿ ಒಂದನ್ನು ಮಾತ್ರ ಕಾನೂನು ಡ್ರೈವರನಿಗೇ ಉಳಿಸಿತ್ತು. ಅವನು ಒತ್ತಿ ಹಿಡಿದ ಬ್ರೇಕನ್ನು ದೂರದಿಂದ ಯಾರೂ ಬಿಡಿಸುವಂತಿರಲಿಲ್ಲ.

ಹುಲಿಗೆಮ್ಮ ಬಿದ್ದ ದಿನ ಸೀಟಿನಲ್ಲಿದ್ದ ಡ್ರೈವರು ಕೂಗು ಕೇಳಿ ಬ್ರೇಕ್ ಒತ್ತಿದ್ದ. ಅಷ್ಟರಲ್ಲಿ ಗಾಲಿ ದಾಟಿತ್ತು. ಅವನಿಗೆ ಹಸ್ತಕ್ಷೇಪದ ನೋಟಿಸು ಬಂತು.

ಗುರುಶಾಂತಪ್ಪನ ಬಲಗಾಲಿನ ಅಚ್ಚು ತೆಗೆದು, ತಾಮ್ರದಲ್ಲಿ ಎರಕ ಹೊಯ್ದು, ಡಿಪೋದ ಬಾಗಿಲಲ್ಲಿ ಕಲ್ಲಿನ ಪೀಠದ ಮೇಲೆ ಇಟ್ಟಿದ್ದರು. ಆಯುಧಪೂಜೆಯ ದಿನ ಮೆಕ್ಯಾನಿಕ್ಕುಗಳು ಸ್ಪ್ಯಾನರಿಗೆ, ಜಾಕಿಗೆ ಕುಂಕುಮ ಹಚ್ಚುತ್ತ ಬಂದು ಅದಕ್ಕೂ ಹಚ್ಚುತ್ತಿದ್ದರು. ಹೆಬ್ಬೆರಳು ಕೆಂಪಾಗಿ ಹೋಗಿತ್ತು. ಅವನೀಗ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಕಾಲುಮಣೆಯ ಮೇಲೆ ಕಾಲಿಡುವುದನ್ನು ಕಲಿಸುತ್ತಿದ್ದ.

ಅಪಘಾತವಾಗಿ ಎಂಟು ದಿನಕ್ಕೆ ಅವನನ್ನು ಕಂಟ್ರೋಲ್ ರೂಮಿಗೆ ಕರೆಸಿದರು.

ವಿಭಾಗದ ಅಧಿಕಾರಿ ಪಾಲಾಕ್ಷಪ್ಪ ಎದ್ದು ನಿಂತು ಕೈಕುಲುಕಿದರು. ಕೆಟ್ಟ ಮನುಷ್ಯರಲ್ಲ; ಡಿಪೋ ಕ್ಯಾಂಟೀನಿನ ಚಿತ್ರಾನ್ನವನ್ನೇ ತಿನ್ನುವವರು, ಡ್ರೈವರುಗಳ ಮಕ್ಕಳ ಹೆಸರು ನೆನಪಿಟ್ಟುಕೊಂಡವರು.

“ನೋಡ್ರಿ ಗುರುಶಾಂತಪ್ಪೋರೆ, ವಿಚಾರಣೆ ನಡೀತಿದೆ. ದಾಖಲೆ ನಮ್ಮ ಪರ ಇದೆ. ನಿಮ್ಮದೊಂದು ಮಾತು ಬೇಕು, ಅಷ್ಟೆ. ಆ ಸ್ಟಾಪಲ್ಲಿ ಬಸ್ಸು ನಿಲ್ಲೋ ರೀತಿ ನಿಮ್ಮ ರೀತಿನೇ, ಅದು ಸರಿಯಿದೆ ಅಂತ. ಆ ಹೆಂಗಸು ಅವಸರ ಮಾಡಿದಳು, ಅಷ್ಟೆ.”

“ನನ್ನ ರೀತಿ ಅಂದ್ರೆ ಯಾವುದು ಸಾರ್?”

ಪಾಲಾಕ್ಷಪ್ಪ ಮೂಲೆಯ ಮೇಜಿನತ್ತ ಕೈ ತೋರಿಸಿದರು. ಅಲ್ಲಿ ಸಂಯುಕ್ತಾ ಎಂಬ ಎಂಜಿನಿಯರ್ ಕೂತಿದ್ದಳು. ಹೆಜ್ಜೆಗೆ ಪಾಠ ಹೇಳಿದವರಲ್ಲಿ ಅವಳೊಬ್ಬಳು. ಅವಳು ಪರದೆಯ ಮೇಲೆ ಒಂದು ಗೆರೆ ತಂದಳು.

“ಇದು ನಿಮ್ಮ ಹದಿನಾಲ್ಕನೇ ನಂಬರು. ಗೆರೆ ಮೇಲಿದ್ದರೆ ವೇಗ. ಸ್ಟಾಪು ಬಂದಾಗ ಕೆಳಗೆ ಇಳಿಯುತ್ತೆ. ಇದು ಮಂಡಿಪೇಟೆ ನೋಡಿ.”

ಗೆರೆ ಬೆಟ್ಟದಿಂದ ಇಳಿದ ಹಾಗೆ ನಯವಾಗಿ ಇಳಿದು ಸೊನ್ನೆಗೆ ಮುಟ್ಟಿ, ಸ್ವಲ್ಪ ದೂರ ನೆಲದಲ್ಲೇ ನಡೆದು, ಮತ್ತೆ ಏರಿತು. ಗುರುಶಾಂತಪ್ಪನಿಗೆ ಖುಷಿಯಾಯಿತು. ತನ್ನ ಕಾಲನ್ನು ಅವನು ಹೀಗೆ ಎಂದೂ ನೋಡಿರಲಿಲ್ಲ.

“ಆಮೇಲೆ ಹಳೇ ಮಿಲ್ಲು. ಆಮೇಲೆ ಇದು.”

ಗೆರೆ ಅಷ್ಟೇ ನಯವಾಗಿ ಇಳಿಯಿತು. ನೆಲಕ್ಕೆ ಮುಟ್ಟಲಿಲ್ಲ. ಸೊನ್ನೆಯ ಮೇಲೆ, ಗಂಟೆಗೆ ಆರು ಕಿಲೋಮೀಟರಿನಲ್ಲಿ, ಹಕ್ಕಿ ನೀರು ಸವರಿ ಹೋದಂತೆ ಸವರಿ, ಮೇಲೆದ್ದಿತು.

“ಸುಣ್ಣದಗೂಡು,” ಅಂದಳು ಸಂಯುಕ್ತಾ. “ಎರಡು ವರ್ಷದಲ್ಲಿ ನಾಲ್ಕು ಸಾವಿರದ ಮುನ್ನೂರ ಎಂಟು ಸಲ ಈ ಸ್ಟಾಪು ದಾಟಿದ್ದೀರಿ. ಒಂದು ಸಲವೂ ಸೊನ್ನೆ ಇಲ್ಲ. ಬಾಗಿಲು ತೆರೆದಿತ್ತು, ಜನ ಹತ್ತಿದ್ದರು. ಹಾಗಾಗಿ ಇಲ್ಲಿ ನಿಲ್ಲೋದು ಅಂದರೆ ಆರು ಅಂತ ಯಂತ್ರ ಕಲಿತುಕೊಳ್ತು. ನಾವು ನೋಡಿದ್ವಿ. ನೋಡಿ, ಇದು ಬ್ಯಾಟರಿ ಚಾರ್ಜು ಉಳಿಸೋ ಹಿರಿಯರ ಯಾವುದೋ ಉಪಾಯ ಇರಬೇಕು ಅಂದ್ಕೊಂಡು ಮೆಚ್ಚಿಕೊಂಡ್ವಿ.”

ಅವಳು ಗೆರೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದಳು.

“ಇಂಥಾ ಗೆರೆ ಇನ್ನೂ ಆರು ಸ್ಟಾಪಲ್ಲಿದೆ. ಹೆಸರು ಓದಲಾ?”

“ಬೇಡಮ್ಮ,” ಅಂದ ಅವನು. “ಗೊತ್ತು.”

ಅವನಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಪಕ್ಕದಲ್ಲಿ ಕೂತ ಹಿರಿಯ ಡ್ರೈವರು ಸುಣ್ಣದಗೂಡು ಬಂದಾಗ, ‘ಇಲ್ಲಿ ನಿಲ್ಲಿಸಬೇಡ, ಉರುಳಿಸು’ ಅಂದಿದ್ದ. ಯಾಕೆ ಅಂತ ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಸ್ಟಾಪಿನಲ್ಲಿ ನಿಂತವರ ಕೈಯಲ್ಲಿ ಉದ್ದನೆ ಪೊರಕೆ, ಬಿದಿರು ಬುಟ್ಟಿ, ಸಲಿಕೆ ಇದ್ದವು. ಮುಂದಿನದು ಕೋಟೆ ಸರ್ಕಲ್ಲು, ಅಲ್ಲಿ ಹತ್ತುವವರು ಇಸ್ತ್ರಿ ಬಟ್ಟೆಯವರು. ಬಸ್ಸು ಪೂರ್ತಿ ನಿಂತರೆ ಅಲ್ಲಿನ ಪೌರಕಾರ್ಮಿಕರ ಕಾಲೊನಿಯವರು ಎಲ್ಲರೂ ಹತ್ತುತ್ತಾರೆ, ಉರುಳಿದರೆ ಓಡಲು ಬಲ್ಲವರಷ್ಟೇ ಹತ್ತುತ್ತಾರೆ. ಎಲ್ಲಿಯೂ ಯಾರೂ ಇದನ್ನು ಬರೆದಿರಲಿಲ್ಲ. ಕಂಡಕ್ಟರುಗಳು ಬೇರೆ ಸ್ಟಾಪಿನಲ್ಲಿ ಒಂದು ಸೀಟಿ ಊದಿ ನಿಲ್ಲಿಸಿ, ಎರಡು ಸೀಟಿ ಊದಿ ಹೊರಡಿಸುತ್ತಿದ್ದ ಕಾಲದಲ್ಲೂ ಸುಣ್ಣದಗೂಡಿಗೆ ಸೀಟಿ ಇರಲಿಲ್ಲ. ಉಳಿದ ಡ್ರೈವರುಗಳು ಹದಿನೈದು, ಇಪ್ಪತ್ತರಲ್ಲಿ ಹೋಗುತ್ತಿದ್ದರು. ಗುರುಶಾಂತಪ್ಪ ಆರಕ್ಕೆ ಇಳಿಸುತ್ತಿದ್ದ. ತಾನು ಅವರ ಪಾಲಿಗೆ ಒಳ್ಳೆಯವನು ಅಂತಲೇ ಇಪ್ಪತ್ತಾರು ವರ್ಷ ತಿಳಿದಿದ್ದ.

“ಈ ಮಷೀನಿಗೆ ಹೇಳಿ ಸರಿ ಮಾಡಿಸಬಹುದಲ್ಲ, ಸಾರ್,” ಅಂದ.

“ಮಾಡಿಸಬಹುದು,” ಅಂದರು ಪಾಲಾಕ್ಷಪ್ಪ. “ಆದರೆ ಇವತ್ತು ತಿದ್ದಿದ್ವಿ ಅಂದ್ರೆ ನಿನ್ನೆಯದು ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗಾಯ್ತು. ಹೆಜ್ಜೆನ ಇನ್ನೂ ನಾಲ್ಕು ಊರಿನವರು ಕೇಳ್ತಿದಾರೆ. ಮುಂದಿನ ಸೋಮವಾರ ಅದೇ ಬಸ್ಸು, ಅದೇ ಹೊತ್ತು, ಪರೀಕ್ಷೆಯ ಓಟ ಇದೆ. ನೀವು ಸೀಟಲ್ಲಿ ಕೂತ್ಕೊಳ್ಳಿ. ಕಾಲು ಮಣೆ ಮೇಲಿರಲಿ. ಕೋಟೆ ಸರ್ಕಲ್ ದಾಟಿದ ಮೇಲೆ, ಸರಿಯಿದೆ ಅಂತ ಹೆಬ್ಬೆಟ್ಟು ಒತ್ತಿ. ಮುಗೀತು.”

ಅಷ್ಟರಲ್ಲಿ ಅವರಿಗೆ ಫೋನು ಬಂತು; ಮಾತಾಡುತ್ತ ಹೊರಗೆ ಹೋದರು. ಸಂಯುಕ್ತಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಬೇರೆ ಯಾರು ಬ್ರೇಕ್ ಒತ್ತಿದರೂ ಯಂತ್ರ ಅದನ್ನ ಹಸ್ತಕ್ಷೇಪ ಅಂತ ಬರೆದುಕೊಂಡು ಮರೆತುಬಿಡುತ್ತೆ. ನಿಮ್ಮದನ್ನ ಮರೆಯಲ್ಲ. ನಿಮ್ಮ ಕಾಲಿನ ಭಾರ, ಒತ್ತೋ ರೀತಿ ಅದಕ್ಕೆ ಗುರುತಿದೆ. ನೀವು ಒಂದು ಸ್ಟಾಪಿನಲ್ಲಿ ಅರವತ್ತು ಸೆಕೆಂಡು ಒತ್ತಿ ಹಿಡಿದರೆ, ಗುರು ಪಾಠ ತಿದ್ದುತ್ತಿದ್ದಾನೆ ಅಂತ ತಿಳಿದುಕೊಂಡು ಇನ್ನೂರ ನಲವತ್ತು ಬಸ್ಸಿಗೂ ಕಳಿಸುತ್ತೆ.”

“ಇದನ್ನ ನನಗ್ಯಾಕೆ ಹೇಳ್ತಿದೀರಮ್ಮ?”

“ಕೈಪಿಡಿಯ ಎಪ್ಪತ್ತೊಂದನೇ ಪುಟದಲ್ಲಿದೆ,” ಅಂದಳು. “ಯಾರೂ ಓದಲ್ಲ, ಅದಕ್ಕೆ ಹೇಳಿದೆ.”

ಭಾನುವಾರ ಮಧ್ಯಾಹ್ನ ಗುರುಶಾಂತಪ್ಪ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಜಿಲ್ಲಾಸ್ಪತ್ರೆಗೆ ಹೋದ. ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಪಕ್ಕದ ಸ್ಟೂಲಿನ ಮೇಲೆ ಅವಳ ಜೊತೆ ಗುಡಿಸುವ ದುರುಗಮ್ಮ, ಎಲೆಯಡಿಕೆ ಮೆಲ್ಲುತ್ತ.

“ಯಾರು ಬೇಕಿತ್ತಣ್ಣ?” ಅಂದಳು ದುರುಗಮ್ಮ.

“ನಾನು ಹದಿನಾಲ್ಕನೇ ನಂಬರಿನ…”

“ಅಯ್ಯ, ಲೋಟದ ಡ್ರೈವರು!” ಹುಲಿಗೆಮ್ಮನೇ ಗುರುತು ಹಿಡಿದಳು. “ಲೇ ದುರುಗಿ, ಗಾಜಿನತಾವ ನೀರಿನ ಲೋಟ ಇಕ್ಕಂತಿರಲಿಲ್ವಾ, ಅವ್ನು.”

“ಕಾಲಿನ ಡ್ರೈವರು ಅನ್ನು. ಡಿಪೋದಾಗೆ ಇವನ ಕಾಲಿಗೆ ಕುಂಕುಮ ಇಕ್ತಾರಂತೆ.” ದುರುಗಮ್ಮ ಅವನ ಚಪ್ಪಲಿ ನೋಡಿದಳು. “ಇದೇನಾ?”

ಅವನು ಹಣ್ಣನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

“ಇಪ್ಪತ್ತು ವರ್ಷ ಓಡಿ ಹತ್ತಿದೀನಿ, ಬಿದ್ದೋಳಲ್ಲ,” ಅಂದಳು ಹುಲಿಗೆಮ್ಮ, ಲೆಕ್ಕ ಒಪ್ಪಿಸುವಂತೆ. “ಆರು ಗಂಟೆಗೆ ವಾರ್ಡಿನಾಗೆ ಹೆಬ್ಬೆಟ್ಟು ಒತ್ತಬೇಕು. ಒಂದು ನಿಮಿಷ ತಡ ಆದ್ರೂ ಆವತ್ತಿನ ಹಾಜರಿ ಇಲ್ಲ. ಓಡದೆ ಏನ್ಮಾಡಾಣ? ನೀನಿದ್ದಾಗ ಒಂದು ಧೈರ್ಯ ಇತ್ತಪ್ಪ. ನೀನು ಕನ್ನಡಿ ನೋಡ್ತಿದ್ದೆ. ನನ್ನ ಎರಡನೇ ಕಾಲು ಮೆಟ್ಲ ಮ್ಯಾಲೆ ಬರಾಗಂಟ ಜೋರು ಮಾಡ್ತಿರಲಿಲ್ಲ. ನಾನು ಇಲ್ಲಿಂದ ನಿನ್ನ ಕಣ್ಣ ನೋಡ್ತಿದ್ದೆ, ನೀನು ಅಲ್ಲಿಂದ ನನ್ನ ಕಾಲ ನೋಡ್ತಿದ್ದೆ. ಇದಕ್ಕೆ ಕಣ್ಣೇ ಇಲ್ಲ. ಹೊತ್ತಾದ ತಕ್ಷಣ ಎಳೀತು.”

ಗುರುಶಾಂತಪ್ಪನ ಕೈಗೆ ಏನೋ ಸಿಕ್ಕಂತಾಯಿತು. ತಗಡುಗಳು ಇದ್ದದ್ದು ಪೆಡಲಿನ ಕೆಳಗೆ. ಕನ್ನಡಿಯಲ್ಲಿ ಅವನು ನೋಡಿದ್ದನ್ನು ಯಾರೂ ಬರೆದುಕೊಂಡಿರಲಿಲ್ಲ. ಹಾಗಾದರೆ ತಪ್ಪು ಯಂತ್ರದ್ದು.

“ಹೌದು ಕಣವ್ವ,” ಅಂದ. “ನಾನು ನೋಡ್ತಿದ್ದೆ.”

ದುರುಗಮ್ಮ ಕಿಟಕಿಯಾಚೆ ಎಲೆಯಡಿಕೆ ಉಗಿದು ಬಂದಳು.

“ನೋಡಿ ದೊಡ್ಡ ಉಪಕಾರ ಮಾಡ್ದೆ ಬಿಡು. ನೀನು ಸುಮ್ನೆ ನಿಲ್ಲಿಸಿದ್ರೆ ನೋಡೋದೇ ಬೇಕಿರಲಿಲ್ಲ. ನಮ್ಮ ಅತ್ತೆ ಓಡಾಕಾಗದಲೆ ಮೂರು ಮೈಲಿ ನಡ್ಕಂಡು ಹೋಗ್ತಿದ್ಲು, ಅವಳು ಸಿಕ್ತಿದ್ಲಾ ನಿನ್ನ ಕನ್ನಡಿಯಾಗೆ?” ಅವನ ಕೈಯಿಂದ ಹಣ್ಣು ತೆಗೆದುಕೊಂಡು ಹುಲಿಗೆಮ್ಮನ ಮಂಚದ ಮೇಲಿಟ್ಟಳು. “ಕೊಡು, ಹಣ್ಣೇನು ಮಾಡ್ತು.”

ಮನೆಯಲ್ಲಿ ಹೆಂಡತಿ ಕೊಟ್ರಮ್ಮ ಅವಲಕ್ಕಿ ಕಲಸಿಟ್ಟಿದ್ದಳು. ಅವನು ತಟ್ಟೆಯ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದ. ಗೆರೆಯ ಸಂಗತಿ, ಕನ್ನಡಿಯ ಸಂಗತಿ. ಕನ್ನಡಿಯದನ್ನು ಎರಡು ಸಲ ಹೇಳಿದ.

ಕೊಟ್ರಮ್ಮ ಒಗ್ಗರಣೆಯ ಸೌಟು ತೊಳೆಯುತ್ತ ಕೇಳಿದಳು: “ದೊಡ್ಡವನು ಹೊಟ್ಟೆಯಲ್ಲಿದ್ದಾಗ ನಾನು ಆಸ್ಪತ್ರೆಗೆ ಹೋಗ್ತಿದ್ನಲ್ಲ, ನೆನಪೈತಾ? ನಮ್ಮ ಬೀದಿ ಮೂಲೇಲಿ ಸ್ಟಾಪ್ ಇತ್ತೇನ್ರಿ?”

“ಎಲ್ಲಿತ್ತು? ಇರಲಿಲ್ಲ.”

“ಮತ್ತೆ ನಿಲ್ಲಿಸ್ತಿದ್ರಲ್ಲ.”

“ನಿಲ್ಲಿಸ್ತಿದ್ದೆ. ನಿನ್ನ ಹೊಟ್ಟೆ ನೋಡಿ ಬಸ್ಸಿನವರೂ ಸುಮ್ಮನಿರ್ತಿದ್ರು.”

“ಸ್ಟಾಪೇ ಇಲ್ಲದ ಕಡೆ ನಿಂತಿದ್ದು ನಿಮ್ಮ ಕಾಲೇ ಅಲ್ವೇನ್ರಿ.” ಅವಳು ಸೌಟನ್ನು ಮೊಳೆಗೆ ಸಿಕ್ಕಿಸಿದಳು. “ಆ ಕಾಲೊನಿಯಾಗೂ ಬಸುರಿ ಹೆಂಗಸರಿದ್ದಿರಬೇಕು. ಅವಲಕ್ಕಿ ಆರಿಹೋಗ್ತೈತೆ, ತಿನ್ನಿ.”

ಅವನು ತಿಂದ. ಆಮೇಲೆ ಬಾಗಿಲಲ್ಲಿ ಕೂತು ಬಲಗಾಲನ್ನು ಚಾಚಿ ನೋಡಿಕೊಂಡ. ಹಿಮ್ಮಡಿ ಒಡೆದಿತ್ತು, ಕಿರುಬೆರಳಿನ ಮೇಲೆ ಆಣಿಯಿತ್ತು. ತಾಮ್ರದ ಪಾದದಲ್ಲಿ ಆಣಿ ಇರಲಿಲ್ಲ. ಎರಕದವನು ತೀಡಿ ತೆಗೆದಿದ್ದ.

ಸೋಮವಾರ ಡಿಪೋದಿಂದ ಬಸ್ಸು ಐದೂ ಹದಿನೆಂಟಕ್ಕೆ ಹೊರಟಿತು. ಗುರುಶಾಂತಪ್ಪ ಸೀಟಿನಲ್ಲಿ ಕೂತು, ಚಪ್ಪಲಿ ಬಿಚ್ಚಿ, ಕಾಲನ್ನು ಮಣೆಯ ಮೇಲಿಟ್ಟ. ಗಾಜಿನ ಬಳಿ ಲೋಟದ ತುಂಬ ನೀರಿಟ್ಟ. ಅಭ್ಯಾಸ.

ಬಸ್ಸು ಅವನ ಹಾಗೇ ಓಡಿತು. ತಿರುವಿನಲ್ಲಿ ಅವನ ಹಾಗೇ ಮುಂಚೆಯೇ ವೇಗ ಇಳಿಸಿತು, ಮಂಡಿಪೇಟೆಯ ಉಬ್ಬನ್ನು ಅವನ ಹಾಗೇ ಮೆಲ್ಲಗೆ ಹತ್ತಿಳಿಯಿತು. ಒಂದೊಂದು ಸ್ಟಾಪಿನಲ್ಲೂ ನಿಲ್ಲುವ ಗಳಿಗೆಗೆ ಸರಿಯಾಗಿ ಕೂದಲೆಳೆಯಷ್ಟು ಸಡಿಲ ಬಿಟ್ಟು ನಿಂತಿತು. ಮಣೆಯ ಮೇಲಿನ ಅವನ ಹೆಬ್ಬೆರಳು ಅದೇ ಗಳಿಗೆಗೆ ತಾನಾಗಿಯೇ ಎತ್ತಿಕೊಳ್ಳುತ್ತಿತ್ತು. ಲೋಟದ ನೀರು ಅಲುಗಲಿಲ್ಲ.

ತಲೆಯ ಮೇಲಿನ ಸ್ಪೀಕರಿನಲ್ಲಿ ಪಾಲಾಕ್ಷಪ್ಪನವರ ದನಿ ಬಂತು. “ಬಹಳ ಚೆನ್ನಾಗಿ ಬರ್ತಿದೆ. ಮುಂದೆ ಸುಣ್ಣದಗೂಡು. ಕಾಲು ಮಣೆ ಮೇಲೇ ಇರಲಿ.”

ಗೂಡು ಕಾಣಿಸಿತು. ಸುಣ್ಣ ಸುಡುವುದು ನಿಂತು ಎಷ್ಟೋ ಕಾಲವಾಗಿ, ಗೂಡಿನ ಮೇಲೆ ಅರಳಿ ಗಿಡ ಬೆಳೆದಿತ್ತು. ಅದರ ಬುಡದಲ್ಲಿ ಹತ್ತು ಹನ್ನೆರಡು ಹೆಂಗಸರು, ಪೊರಕೆ ಬುಟ್ಟಿಗಳು. ಬಸ್ಸು ಕಂಡ ಕೂಡಲೆ ಅವರು ಮಾಡಿದ್ದನ್ನು ಅವನು ಇಪ್ಪತ್ತಾರು ವರ್ಷ ಕಂಡಿದ್ದ: ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಸ್ಟಾಪಿನಿಂದ ಹತ್ತು ಮಾರು ಮುಂದಕ್ಕೆ ಹೋದರು, ಬಸ್ಸು ಹೋಗುವ ದಿಕ್ಕಿಗೇ ಮುಖ ಮಾಡಿ ಸಾಲಾಗಿ ನಿಂತರು. ಓಟಕ್ಕೆ ನಿಂತವರ ಹಾಗೆ.

ಮೂವತ್ತು. ಇಪ್ಪತ್ತು. ಹನ್ನೆರಡು. ಬಾಗಿಲು ತೆರೆಯಿತು. ಹೆಂಗಸರು ಓಡಲು ಶುರುಮಾಡಿದರು. ಎಂಟು. ಆರು.

ಗುರುಶಾಂತಪ್ಪ ಕಾಲನ್ನು ಮಣೆಯಿಂದ ತೆಗೆದು ಬ್ರೇಕಿನ ಮೇಲಿಟ್ಟು ಒತ್ತಿದ. ಕೊನೆಯ ಗಳಿಗೆಯಲ್ಲಿ ಸಡಿಲ ಬಿಡಲಿಲ್ಲ. ಬಸ್ಸು ಮುಗ್ಗರಿಸಿ ನಿಂತಿತು. ಲೋಟ ಉರುಳಿ, ನೀರು ಅವನ ಮೊಣಕಾಲಿನ ಮೇಲೆ ಚೆಲ್ಲಿತು.

ಓಡುತ್ತಿದ್ದವರು ಬಸ್ಸನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟರು. ಹೋಗಿ, ನಿಂತು, ತಿರುಗಿ ನೋಡಿದರು. ಯಾರೂ ಹತ್ತಲಿಲ್ಲ. ದುರುಗಮ್ಮ ಸಲಿಕೆ ಹಿಡಿದುಕೊಂಡು ಅವನ ಕಿಟಕಿಯ ಕೆಳಗೆ ಬಂದಳು.

“ಯಾಕಣ್ಣ, ಕೆಟ್ಟೋತಾ?”

“ಇಲ್ಲ ಕಣವ್ವ. ನಿಂತೈತೆ.”

“ನಿಂತೈತೆ ಅಂದ್ರೆ?”

“ನಿಂತೈತೆ. ಹತ್ರಿ.”

ಅವಳು ಗಾಲಿಯನ್ನು ನೋಡಿದಳು. ಸಲಿಕೆಯ ಹಿಡಿಯಿಂದ ಅದನ್ನೊಮ್ಮೆ ತಟ್ಟಿದಳು. ಆಮೇಲೆ ಹಿಂದಿರುಗಿ ಕೂಗಿದಳು: “ಬರ್ರೇ! ನಿಂತೈತಂತೆ! ಲೇ ಹೊನ್ನಮ್ಮ, ನೆರಿಗೆ ಇಳಿಸ್ಕಳೆ, ಓಡೋದೇನಿಲ್ಲ!”

ಸ್ಟೀರಿಂಗಿನ ಪಕ್ಕದ ಪರದೆಯ ಮೇಲೆ ಸೆಕೆಂಡಿನ ಅಂಕಿಗಳು ಬಂದವು. ಹದಿನೇಳು. ಹದಿನೆಂಟು.

“ಗುರುಶಾಂತಪ್ಪೋರೆ,” ಸ್ಪೀಕರಿನ ದನಿ ಇನ್ನೂ ಮೆತ್ತಗಿತ್ತು, “ಕಾಲು ಜಾರಿತೇನೋ. ತೆಗೀರಿ.”

ಅವನು ಕನ್ನಡಿ ನೋಡಿದ. ಹೆಂಗಸರಿಗೆ ನಿಂತ ಬಸ್ಸನ್ನು ಹತ್ತಿ ಅಭ್ಯಾಸವಿರಲಿಲ್ಲ. ಕಂಬಿಯನ್ನು ಗಬಕ್ಕನೆ ಹಿಡಿದು ಮೈಯನ್ನು ಒಳಕ್ಕೆ ಎಸೆಯುತ್ತಿದ್ದರು, ಎಸೆದು ಎದುರಿನ ಸೀಟಿಗೆ ಡಿಕ್ಕಿ ಹೊಡೆದು ತಮಗೆ ತಾವೇ ನಗುತ್ತಿದ್ದರು. ಒಬ್ಬಳು ಮೊದಲು ಬುಟ್ಟಿ ಇಟ್ಟು, ಅದು ಹಿಂದಕ್ಕೆ ಉರುಳಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಕಾಲಿಟ್ಟಳು. ಮೊದಲೇ ಕೂತಿದ್ದ ಒಬ್ಬ ಮನುಷ್ಯ ಮೂಗಿಗೆ ಕರ್ಚೀಫು ಹಿಡಿದು, “ಏನ್ರೀ ಡ್ರೈವರ್, ಎಷ್ಟೊತ್ತು?” ಅಂದ.

ಮೂವತ್ತೊಂದು.

“ಗುರುಶಾಂತಪ್ಪ, ನಾನು ಹೇಳ್ತಿರೋದು ಕೇಳಿಸ್ತಿದೆಯೇನ್ರಿ? ಅದು ತಿದ್ದುಪಡಿ ಆಗಿಬಿಡುತ್ತೆ. ಸಂಯುಕ್ತಾ, ಬಿಡಿಸಮ್ಮ ಅದನ್ನ.”

“ಪೆಡಲಿನ ಬ್ರೇಕು ನಮ್ಮ ಕೈಯಲ್ಲಿಲ್ಲ ಸಾರ್,” ಸಂಯುಕ್ತಾಳ ದನಿ ದೂರದಿಂದ ಕೇಳಿಸಿತು.

ನಲವತ್ತನಾಲ್ಕು. ದುರುಗಮ್ಮ ಹತ್ತಿದಳು. ಅವಳ ಹಿಂದೆ ಬಾಗಿಲ ಹೊರಗೆ ಒಬ್ಬ ಮುದುಕಿ ಉಳಿದಿದ್ದಳು. ಕೋಲೂರಿಕೊಂಡು ಬಸ್ಸನ್ನು ಕೆಳಗಿಂದ ಮೇಲೆ ನೋಡುತ್ತಿದ್ದಳು. ಈ ಮುಖವನ್ನು ಅವನು ಕನ್ನಡಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಅತ್ತೆ, ಬಾ,” ಅಂತ ದುರುಗಮ್ಮ ಕೈಚಾಚಿದಳು.

“ಹೊಂಟೋಗುತ್ತೆ ಕಣೆ,” ಅಂದಳು ಮುದುಕಿ.

ಗುರುಶಾಂತಪ್ಪ ಸೀಟಿಗೆ ಬೆನ್ನು ಕೊಟ್ಟು ಪೆಡಲನ್ನು ಇನ್ನೂ ಅದುಮಿದ. ಇಷ್ಟು ಹೊತ್ತು ಇಷ್ಟು ಬಿಗಿಯಾಗಿ ಅವನು ಎಂದೂ ಬ್ರೇಕ್ ಹಿಡಿದವನಲ್ಲ. ಐವತ್ತು. ಐವತ್ತೊಂದು.

“ಇಪ್ಪತ್ತಾರು ವರ್ಷದ ಹೆಸರು ರೀ ನಿಮ್ಮದು!” ಪಾಲಾಕ್ಷಪ್ಪನವರ ದನಿ ಒಡೆದಿತ್ತು. “ಡಿಪೋ ಬಾಗಿಲಲ್ಲಿ ಇಟ್ಟಿದೀವಿ ನಿಮ್ಮ ಕಾಲನ್ನ! ಇನ್ನೂ ಹೊತ್ತಿದೆ. ಇದು ಆದೇಶ. ಬ್ರೇಕಿಂದ ಕಾಲು ತೆಗೀರಿ.”

ಮುದುಕಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲದಲ್ಲೇ ಬಿಟ್ಟು, ಕಾಯುತ್ತಿದ್ದಳು.

“ಇನ್ನೂ ಒಬ್ಬರು ಹತ್ತಬೇಕು ಸಾರ್,” ಅಂದ ಗುರುಶಾಂತಪ್ಪ. “ತೆಗೆಯಲ್ಲ.”